ಇಲ್ಲೆ ಅಂದ ಮೇಲೆ ಸುಮ್ಮನಾದದ್ದು

ಉಚ್ಚೆ ಕಟ್ಟಿದ ಬೆಕ್ಕನ್ನು ಬೆಳಿಗ್ಗೆಯೇ ಪಶು ಆಸ್ಪತ್ರೆಗೆ ಒಯ್ಯಬೇಕಿತ್ತು. ನಾನು ಒಯ್ಯಲಿಲ್ಲ. ಕಬ್ಬಿನ ಹಾಲು ಕುಡಿಯಲು ಆಲೆಮನೆಗೆ ಹೋದೆ.

ಬೆಕ್ಕು ನನ್ನದಲ್ಲ, ಅಣ್ಣನದು. ಶಿರಸಿಯ ನಮ್ಮ ಬಾಡಿಗೆ ಮನೆಯಲ್ಲಿ ಇರುವುದು ಅಣ್ಣ, ನಾನು, ಅದು, ಇಷ್ಟೇ ಜನ. ಅಣ್ಣ ಮದುವೆ, ಮುಂಜಿಗಳ ಅಡುಗೆಗೆ ಹೋಗುತ್ತಾನೆ. ನಾನು ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಬೆಕ್ಕು ಏನೂ ಮಾಡುವುದಿಲ್ಲ. ಅದಕ್ಕೇ ಅಣ್ಣ ಅದನ್ನು ‘ಯಜಮಾನ್ರು’ ಎಂದು ಕರೆಯುವುದು. ಕೇಸರಿ ಬಣ್ಣದ, ದಪ್ಪ ತಲೆಯ ಗಂಡು ಬೆಕ್ಕು. ನಾನು ಕತ್ತರಿಸಿಟ್ಟ ಬಟ್ಟೆಯ ಮೇಲೆಯೇ ಮಲಗಬೇಕು ಅದಕ್ಕೆ, ಅದೂ ರೇಷ್ಮೆಯಾದರೆ ಇನ್ನೂ ಒಳ್ಳೆಯದು. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಬೆಕ್ಕಿನ ಕೂದಲನ್ನೂ ಸೇರಿಸಿಯೇ ರವಿಕೆ ತೊಟ್ಟಿದ್ದಾರೆ.

ಹಿಂದಿನ ವರ್ಷ ಒಮ್ಮೆ ಯಜಮಾನರಿಗೆ ಉಚ್ಚೆಯ ತೊಂದರೆ ಆಗಿ ಔಷಧಿಯಲ್ಲಿ ವಾಸಿಯಾಗಿತ್ತು. ಆಗಿನಿಂದ ಅಣ್ಣ ಮನೆ ಬಿಡುವಾಗಲೆಲ್ಲ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದ.

“ಊಟ ಬಿಟ್ರೆ ಒಂದು ದಿನ ನೋಡು. ಉಚ್ಚೆ ನಿಂತ್ರೆ ಮಾತ್ರ ನೋಡ್ತಾ ಕೂರಡ. ಆಗಿಂದಾಗ್ಲೇ ಡಾಕ್ಟ್ರ ಹತ್ರ ತಗಂಡು ಹೋಗು.”

“ಗೊತ್ತಿದ್ದು ಮಾರಾಯಾ, ನೀ ನೂರು ಸಲ ಹೇಳಿದ್ದೆ. ತಂಗಿಗೆ ಜ್ವರ ಬಂದ್ರೆ ಎಂತ ಮಾಡವು ಹೇಳಿ ಒಂದಿನ ಆದ್ರೂ ಹೇಳಿದ್ಯ?”

“ನಿಂಗೆ ಬಾಯಿ ಇದ್ದು. ಬೇಕಾದ್ದಕ್ಕಿಂತ ಜಾಸ್ತಿನೇ ಇದ್ದು. ಅದಕ್ಕೆ ಇಲ್ಲೆ” ಎನ್ನುತ್ತಾ ನಗುತ್ತಾ ಹೋಗುತ್ತಿದ್ದ.

ಈ ಸಲ ಯಲ್ಲಾಪುರದ ಕಡೆ ಒಂದು ಮುಂಜಿಯ ಅಡುಗೆಗೆ ಹೋಗಿದ್ದ. ಅವನು ಹೋದ ಮಾರನೆಯ ದಿನ ಬೆಕ್ಕು ಅನ್ನ ಮುಟ್ಟಲಿಲ್ಲ. ಹಾಲನ್ನೂ ಮೂಸಿ ಬಿಟ್ಟಿತು. ಅವತ್ತು ಏಕಾದಶಿ. ನನಗೆ ನಗು ತಡೆಯಲಿಲ್ಲ. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ: ‘ಯಜಮಾನರು ಇವತ್ತು ಉಪವಾಸ.’ ದೊಡ್ಮನೆಯ ಅತ್ತೆ ಕೈ ಮುಗಿಯುವ ಚಿತ್ರ ಕಳಿಸಿದರು. ಚಿಕ್ಕಪ್ಪ, “ಪೂರ್ವಜನ್ಮದಲ್ಲಿ ಭಟ್ರೇ ಇರವು” ಎಂದು ಬರೆದ. ನಾನು ಮಷಿನ್ ತುಳಿಯುತ್ತಾ ಎಲ್ಲವನ್ನೂ ಓದಿ ನಕ್ಕಿದ್ದೇ ನಕ್ಕಿದ್ದು. ಅಷ್ಟು ಹೊತ್ತು ಬೆಕ್ಕು ನನ್ನ ಬಟ್ಟೆಯ ಮೇಲೆ ಬಂದು ಮಲಗಲಿಲ್ಲ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ದ್ವಾದಶಿಯ ಬೆಳಿಗ್ಗೆ ಪಾರಣೆಗೆಂದು ಅದಕ್ಕೆ ತುಪ್ಪ ಕಲಸಿದ ಅನ್ನ ಇಟ್ಟೆ. ಬರಲಿಲ್ಲ. ಬಚ್ಚಲಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಕೂತಿತು. ಬಾಯಿ ತೆರೆದು ಒಂದು ಕೂಗು ಹಾಕಿತು. ಅದು ಹಸಿವಿನ ಕೂಗಲ್ಲ. ನೆಲ ನೋಡಿದೆ. ಒಣಗಿತ್ತು. ಮಣ್ಣು ತುಂಬಿಟ್ಟ ಅದರ ತಟ್ಟೆ ನೋಡಿದೆ. ಅದೂ ಒಣಗಿತ್ತು.

ಅವತ್ತು ನಾವು ಕೇರಿಯ ಹೆಂಗಸರೆಲ್ಲ ಸೇರಿ ಹೇರೂರಿನ ಕಡೆ ಒಬ್ಬರ ಮನೆಯ ಆಲೆಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಆಲೆಮನೆ ಎಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ. ಆದರೆ ನಮಗೆ ಅದು ಜಾತ್ರೆಗಿಂತ ಹೆಚ್ಚು. ಯಾರು ಬೇಕಾದರೂ ಹೋಗಿ ಹೊಟ್ಟೆ ಬಿರಿಯುವಷ್ಟು ಕಬ್ಬಿನ ಹಾಲು ಕುಡಿಯಬಹುದು, ಮಂಡಕ್ಕಿ ಮಿರ್ಚಿ ತಿನ್ನಬಹುದು, ಕೊಪ್ಪರಿಗೆಯಿಂದ ಬಿಸಿ ನೊರೆಬೆಲ್ಲ ನೆಕ್ಕಬಹುದು. ಬೇಡ ಎನ್ನುವವರು ಯಾರೂ ಇಲ್ಲ. ವರ್ಷವಿಡೀ ಬೇರೆಯವರ ಅಳತೆಗೆ ಬಟ್ಟೆ ಕತ್ತರಿಸುವ ನನಗೆ ಹೊರಗೆ ಹೋಗುವುದೆಂದರೆ ಅದೊಂದೇ. ಹೊಸ ಸೀರೆ ಉಟ್ಟಾಗಿತ್ತು. ಹೊರಗೆ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು.

ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದವನು ಅಲ್ಲಿನ ಸಹಾಯಕ. ಹಾವೇರಿ ಕಡೆಯಿಂದ ಹೊಸದಾಗಿ ಬಂದವನು.

“ಹೇಳ್ರೀ ಅಕ್ಕಾರ.”

“ಬೆಕ್ಕಿಗೆ ಹುಷಾರಿಲ್ಲ. ನಿನ್ನೆಯಿಂದ ಊಟ ಮಾಡಿಲ್ಲ.”

“ಗಂಡೋ ಹೆಣ್ಣೋ? ಗಂಡಾ? ಉಚ್ಚಿ ಮಾಡೇತೇನ್ರಿ?”

ಹಾರ್ನ್ ಮತ್ತೆ ಹೊಡೆಯಿತು. ಗಡಿಬಿಡಿಯಲ್ಲಿ ನನ್ನ ಬಾಯಿಗೆ ಮನೆಮಾತೇ ಬಂತು. “ಇಲ್ಲೆ” ಅಂದೆ.

ನಮ್ಮ ಮಾತಿನಲ್ಲಿ ‘ಇಲ್ಲೆ’ ಅಂದರೆ ಇಲ್ಲ. ಅವನ ಮಾತಿನಲ್ಲಿ ಇಲ್ಲಿಯೇ, ಈ ಜಾಗದಲ್ಲೇ.

“ಇಲ್ಲೇ? ಮನ್ಯಾಗ? ಮಾಡೇತಲ್ಲ, ಹಂಗಾರ ಚಿಂತಿ ಬ್ಯಾಡ್ರಿ. ನೀರು ಕುಡಸ್ರಿ. ನಾಳಿ ಮುಂಜಾನೆ ಕರ್ಕೊಂಡ್ ಬರ್ರಿ, ಡಾಕ್ಟರು ನೋಡ್ತಾರ.”

ನಾನು ಕಲಿತದ್ದು ಏಳನೆಯ ತರಗತಿಯವರೆಗೆ. ಆದರೆ ಇದು ತಿಳಿಯದಷ್ಟು ದಡ್ಡಿಯಲ್ಲ. ಅವನು ತಪ್ಪು ತಿಳಿದ ಎಂಬುದು ಆ ಕ್ಷಣವೇ ನನಗೆ ಗೊತ್ತಾಯಿತು. ‘ಅಲ್ಲ ಮಾರಾಯ, ಮಾಡಿಲ್ಲ’ ಎಂದು ಹೇಳಲು ಬೇಕಾದದ್ದು ಒಂದು ಉಸಿರು. ಹೇಳಿದ್ದರೆ ಅವನು ಈಗಲೇ ಬರ್ರಿ ಎನ್ನುತ್ತಿದ್ದ. ನಾನು ಸೀರೆ ಬಿಚ್ಚಬೇಕಾಗುತ್ತಿತ್ತು. “ಆತು” ಎಂದು ಫೋನ್ ಇಟ್ಟೆ. ಬೋಗುಣಿಯಲ್ಲಿ ನೀರಿಟ್ಟು ಬಾಗಿಲು ಹಾಕಿಕೊಂಡು ಹೋದೆ.

ದಾರಿಯಲ್ಲಿ ಅಣ್ಣನ ಫೋನ್ ಬಂತು. ಹಿಂದೆ ಪಾತ್ರೆಗಳ ಸದ್ದು.

“ಯಜಮಾನ್ರು ಎಂತ ಮಾಡ್ತಾ ಇದ್ದ?”

“ಊಟ ಬಿಟ್ಟಿದ್ದ. ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ದೆ. ಚಿಂತೆ ಬ್ಯಾಡ, ನಾಳೆ ಬನ್ನಿ ಅಂದ.”

“ಹೌದನೆ? ಅಂತೂ ನೀ ಇದ್ದೆ ಹೇಳಿ ಯಂಗೆ ಧೈರ್ಯ” ಅಂದ.

ನಾನು ಆಡಿದ ಒಂದು ಶಬ್ದವೂ ಸುಳ್ಳಲ್ಲ. ಅಷ್ಟು ದೊಡ್ಡ ಸುಳ್ಳನ್ನು ನಾನು ಅದುವರೆಗೆ ಆಡಿರಲಿಲ್ಲ.

ಆಲೆಮನೆಯಲ್ಲಿ ಎಲ್ಲ ಇತ್ತು. ಗಾಣದ ಬಾಯಲ್ಲಿ ಹಾಲು ಸುರಿಯುತ್ತಿತ್ತು. ಕೊಪ್ಪರಿಗೆಯ ಹಬೆಗೆ ಎಲ್ಲರ ಮುಖ ಕೆಂಪಾಗಿತ್ತು. ಶುಂಠಿ, ನಿಂಬೆ ಹಿಂಡಿದ ಹಾಲಿನ ಲೋಟ ಒಂದಾದ ಮೇಲೆ ಒಂದು ಕೈಗೆ ಬರುತ್ತಿತ್ತು. ನಾನೂ ಕುಡಿದೆ, ನಕ್ಕೆ. ಸ್ವಲ್ಪ ಹೊತ್ತಿಗೆ, ಪ್ರತಿ ವರ್ಷದಂತೆ, ಹೆಂಗಸರ ಓಡಾಟ ಶುರುವಾಯಿತು. ಕಬ್ಬಿನ ಹಾಲಿನ ಗುಣವೇ ಅದು. ಆ ಮನೆಯ ಬಚ್ಚಲ ಮುಂದೆ ಸಾಲು ನಿಂತಿತು.

“ಮತ್ತೂ ಬಂದ್ಯನೆ? ನೀ ಈಗಷ್ಟೇ ಹೋಗಿದ್ದೆ!”

“ಎಂತ ಮಾಡವು? ಒಳಗೆ ಕೆರೆ ಕಟ್ಸಿದ್ನಿಲ್ಲೆ.”

“ಒಳಗಿದ್ದವ್ರು ಬೇಗ ಬರ್ರೇ! ಹಿಡ್ಕಂಡು ನಿಂತ್ರೆ ಜೀವ ಹೋಗ್ತು ಮಾರಾಯ್ತಿ!”

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ನಾನೂ ಆ ಸಾಲಿನಲ್ಲಿ ಕಾಲು ಹೆಣೆದುಕೊಂಡು ನಿಂತಿದ್ದೆ. ನಗಲು ಬಾಯಿ ತೆರೆದವಳಿಗೆ ನಗು ಬರಲಿಲ್ಲ. ಕೆಳಹೊಟ್ಟೆ ಬಿಗಿದು ನೋಯುತ್ತಿತ್ತು. ಇಷ್ಟು ಹೊತ್ತಿಗೇ ನನಗೆ ಹೀಗಾದರೆ ನಿನ್ನೆಯಿಂದ ಕೂತೂ ಎದ್ದೂ ಮಾಡುತ್ತಿರುವ ಆ ಬೆಕ್ಕಿಗೆ ಹೇಗಾಗಿರಬೇಡ? ಬಚ್ಚಲಿನ ಮೂಲೆ ಕಣ್ಣ ಮುಂದೆ ಬಂತು.

ಬೆಲ್ಲದ ಡಬ್ಬಿ ತುಂಬಿಕೊಂಡು ಒಂದು ಓಮ್ನಿ ಶಿರಸಿಗೆ ಹೊರಟಿತ್ತು. ಅಡ್ಡ ಹೋಗಿ ನಿಲ್ಲಿಸಿ ಹತ್ತಿದೆ. ಡಬ್ಬಿಗಳ ನಡುವೆ ಮುದುಡಿ ಕೂತವಳನ್ನು ನೋಡಿ ಓಡಿಸುವವ ಕೇಳಿದ, “ನೊರೆಬೆಲ್ಲ ಬಿಟ್ಟು ಹೊಂಟ್ಯಲೆ ತಂಗಿ, ಮನೇಲಿ ಯಾರಿಗೆ ಎಂತ ಆಜು?”

“ಯಜಮಾನ್ರಿಗೆ ಉಚ್ಚೆ ಕಟ್ಟಿದ್ದು” ಅಂದೆ.

ಪಾಪ, ಅವನು ಮತ್ತೊಂದು ಮಾತಾಡದೆ ಓಡಿಸಿದ. ತಿರುವುಗಳಲ್ಲಿ ಡಬ್ಬಿ ಹಿಡಿದುಕೊಳ್ಳುವುದೋ ಜೀವ ಹಿಡಿದುಕೊಳ್ಳುವುದೋ ತಿಳಿಯಲಿಲ್ಲ. ಮನೆ ಮುಂದೆ ಇಳಿಸಿ, ಆಸ್ಪತ್ರೆಗೆ ಬಿಡಲೆಂದು ಕಾದು ನಿಂತ. ನಾನು ದಿಂಬಿನ ಚೀಲದಲ್ಲಿ ಬೆಕ್ಕಿನ ತಲೆ ಹೊರಗೆ ಬರುವಂತೆ ತುಂಬಿಸಿಕೊಂಡು ಹೊರಬಂದಾಗ ಅವನ ಮುಖ ನೋಡಬೇಕಿತ್ತು.

“ಇದನೆ ಯಜಮಾನ್ರು?”

“ಇದೇಯ. ನಡಿ, ನಡಿ.”

ಚೀಲಕ್ಕೆ ಹಾಕುವಾಗ ಬೆಕ್ಕು ಪರಚಲಿಲ್ಲ. ಉಗುರು ಕತ್ತರಿಸಲು ಹೋದರೆ ಇಬ್ಬರ ರಕ್ತ ಬರಿಸುವ ಪ್ರಾಣಿ ಅದು. ಚಿಂದಿಯ ಹಾಗೆ ಬಿದ್ದಿತ್ತು. ಹೊಟ್ಟೆ ಕೆಳಗೆ ಕೈ ಹಾಕಿದರೆ ನಿಂಬೆಹಣ್ಣಿಗಿಂತ ದೊಡ್ಡದಾದ ಗಟ್ಟಿ ಗಂಟು. ದಾರಿಯುದ್ದಕ್ಕೂ ನಾನು ಅದಕ್ಕೆ ಪರಚು, ಪರಚು ಎಂದು ಹೇಳುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದು ಕಡಸಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಬೆಕ್ಕಿನ ಹೊಟ್ಟೆ ಮುಟ್ಟಿದವರೇ ಕಡಸನ್ನು ಬಿಟ್ಟು ಬಂದರು.

“ಎಂದಿನಿಂದ?”

“ನಿನ್ನೆಯಿಂದ ಇರಬಹುದು.”

“ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದರೆ ನಾಳೆ ಅನ್ನೋದೇ ಇಲ್ಲ. ಊಟ ಬಿಟ್ಟರೆ ಕಾಯಬಹುದು, ಕುಂಟಿದರೆ ಕಾಯಬಹುದು. ಇದಕ್ಕೆ ಕಾಯುವ ಹಾಗಿಲ್ಲ. ಹಿಡ್ಕೊಳ್ಳಿ.”

ಇಂಜೆಕ್ಷನ್ ಕೊಟ್ಟು, ಕೂದಲಿನಂಥ ನಳಿಗೆಯೊಂದನ್ನು ಉಚ್ಚೆಯ ದಾರಿಯಲ್ಲಿ ತೂರಿಸಿದರು. ಮೊದಲು ಏನೂ ಆಗಲಿಲ್ಲ. ಕಡಸಿನವನೂ ಓಮ್ನಿಯವನೂ ನಾನೂ ಉಸಿರು ಹಿಡಿದು ನಿಂತೆವು. ಆಮೇಲೆ ಒಂದು ಹನಿ ಬಂತು. ಆಮೇಲೆ ಒಮ್ಮೆಲೇ ಬಂದದ್ದು ಡಾಕ್ಟರಮ್ಮನ ಕೈ ತಪ್ಪಿಸಿಕೊಂಡು ನನ್ನ ಹೊಸ ಸೀರೆಗೆ ಹೊಡೆಯಿತು. ಸೆರಗಿನಿಂದ ನೆರಿಗೆಯವರೆಗೆ. ಕಡಸಿನವ ಚಪ್ಪಾಳೆ ತಟ್ಟಿದ. ನಾನು ಅಳುತ್ತಾ ನಗುತ್ತಾ “ಹೊಯ್ಯಿ, ಇನ್ನೂ ಹೊಯ್ಯಿ” ಎನ್ನುತ್ತಿದ್ದೆ. ಅಂಥ ಸಂತೋಷವನ್ನು ನಾನು ಯಾವ ಮದುವೆ ಮಂಟಪದಲ್ಲೂ ಕಂಡಿಲ್ಲ.

ಆಗ ಆ ಸಹಾಯಕ ನನ್ನ ದನಿ ಗುರುತು ಹಿಡಿದ.

“ಅಕ್ಕಾರ, ಮುಂಜಾನೆ ಫೋನ್ ಮಾಡಿದ್ದು ನೀವಲ್ರಿ? ನಾ ಉಚ್ಚಿ ಮಾಡೇತೇನು ಅಂತ ಕೇಳಿದ್ದೆ. ಇಲ್ಲೆ ಅಂದ್ರಿ!”

ಡಾಕ್ಟರಮ್ಮ ಪಕ್ಕದ ಸಿದ್ದಾಪುರದವರು. ಅವರಿಗೆ ಥಟ್ಟನೆ ಅರ್ಥವಾಯಿತು. “ಅಯ್ಯೋ ಮಾರಾಯ, ಇವರ ಮಾತಲ್ಲಿ ಇಲ್ಲೆ ಅಂದರೆ ಇಲ್ಲ!” ಎಂದು ನಕ್ಕುಬಿಟ್ಟರು. ಅವನು ಹಣೆ ಹಣೆ ಬಡಿದುಕೊಂಡ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಯಲ್ಲಾಪುರದಿಂದ ಬಂದ ಅಣ್ಣ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ಮಾಳಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಬೆಕ್ಕನ್ನು ಎತ್ತಿಕೊಂಡು, “ಒಂದು ಶಬ್ದಕ್ಕೆ ನಿನ್ನ ಪ್ರಾಣ ಹೋಗ್ತಿತ್ತಲೋ” ಎಂದು ಅದರ ಹಣೆಗೆ ಹಣೆ ಒತ್ತಿದ. ಆಮೇಲೆ ಆ ಕಥೆ ಅವನ ಜೊತೆ ಅಡುಗೆ ಮನೆಯಿಂದ ಅಡುಗೆ ಮನೆಗೆ ತಿರುಗಿತು. ಕಿರವತ್ತಿಯ ಢಾಬಾವೊಂದರಲ್ಲಿ ಚಹಾ ಕುಡಿಯುವಾಗ ಯಾರೋ ಅಪರಿಚಿತರು ಅದೇ ಕಥೆಯನ್ನು ಅವನಿಗೇ ಹೇಳಿದರಂತೆ. ಅದರಲ್ಲಿ ಬೆಕ್ಕು ಎಮ್ಮೆಯಾಗಿತ್ತು. ಪ್ರತಿ ಸಲವೂ ಹಣೆ ಬಡಿದುಕೊಳ್ಳುವವನು ಆ ಹಾವೇರಿಯ ಹುಡುಗ. ಓಡಿ ಬಂದು ಬೆಕ್ಕನ್ನು ಉಳಿಸಿದವಳು ನಾನು. ಪ್ರತಿ ಸಲವೂ ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನಳಾಗುತ್ತಿದ್ದೆ.

ಆ ಸಹಾಯಕ ನಮ್ಮ ಮನೆಗೆ ಬಂದು ಹೋಗುವವನಾದ. ಆಸ್ಪತ್ರೆಯಲ್ಲಿ ಅವನಿಗೆ ‘ಇಲ್ಲೆ’ ಎಂದೇ ಅಡ್ಡ ಹೆಸರು ಬಿದ್ದಿತ್ತು. ಮೊನ್ನೆ ಯುಗಾದಿಯ ಮರುದಿನ ಊರಿನಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಿಡಿದುಕೊಂಡು ಬಂದ. ಮೂವರೂ ನೆಲದ ಮೇಲೆ ಊಟಕ್ಕೆ ಕೂತೆವು. ಯಜಮಾನರು ಅವನ ತೊಡೆಯ ಮೇಲೆ ಕೂತು ಅವನ ರೊಟ್ಟಿಯನ್ನೇ ನೋಡುತ್ತಿದ್ದರು. ಅಣ್ಣ ಮತ್ತೆ ಕಥೆ ತೆಗೆದ. ನಕ್ಕಾದ ಮೇಲೆ ಹಾವೇರಿಯ ಹುಡುಗ ಹೇಳಿದ, “ನಗೋದು ನಗ್ತೀವ್ರಿ ಅಣ್ಣಾರ. ಆದ್ರ ಈಗೂ ಫೋನ್ ಬಂದ್ರ ಎದಿ ಧಸಕ್ ಅಂತೈತಿ. ನನ್ನ ದಡ್ಡತನಕ್ಕ ಒಂದು ಜೀವ ಹೋಗ್ತಿತ್ತು. ಎಲ್ಲಾರಿಗೂ ಎರಡೆರಡು ಸಲ ಕೇಳ್ತೀನಿ. ಕಿವುಡ ಅಂತಾರ, ಅನ್ಲಿ.” ಹಾಗೆಂದು ಬೆಕ್ಕಿನ ಮುಂಗಾಲು ಹಿಡಿದು, “ತಪ್ಪಾತ್ರೀ ಯಜಮಾನ್ರ” ಅಂದ.

ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗೆ ಹಾಕಿದೆ.

“ನೀ ಕಾಲು ಹಿಡಿಯಡ” ಅಂದೆ. “ದಡ್ಡತನ ನಿಂದಲ್ಲ. ನೀ ತಪ್ಪು ತಿಳ್ಕಂಡೆ ಹೇಳಿ ಯಂಗೆ ಆಗ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಫೋನ್ ಇಟ್ಟೆ. ವ್ಯಾನು ಕಾಯ್ತಾ ಇತ್ತು.”

ಅಣ್ಣನ ಕೈ ತಟ್ಟೆಯ ಮೇಲೆ ನಿಂತಿತು. “ಆಲೆಮನೆಗಾ?”

ತಲೆ ಆಡಿಸಿದೆ. ಅವನು ನನ್ನನ್ನು ನೋಡಿದ, ಬೆಕ್ಕನ್ನು ನೋಡಿದ. ಬೆಕ್ಕು ಆ ಹೊತ್ತಿಗೆ ರೊಟ್ಟಿಯ ಮೂಲೆಯೊಂದನ್ನು ಕದ್ದು ಮಷಿನ್ ಕೆಳಗೆ ನುಗ್ಗಿತ್ತು. ಅಣ್ಣನ ತುಟಿ ನಡುಗಿತು. ಸಿಟ್ಟೋ ನಗುವೋ ತಿಳಿಯಲಿಲ್ಲ.

“ಅಷ್ಟಕ್ಕೂ ಬೆಲ್ಲನಾದ್ರೂ ತಂದ್ಯನೆ?” ಅಂದ.

ಹಾವೇರಿಯ ಹುಡುಗ ಕಿಸಕ್ಕನೆ ನಕ್ಕ. ಅಣ್ಣನೂ ನಕ್ಕ, ಆದರೆ ಕಣ್ಣು ಒರೆಸಿಕೊಂಡ. ಅವರ ನಗುವಿನಲ್ಲಿ ನಾನು ಇನ್ನೊಮ್ಮೆ ತೇಲಿ ಪಾರಾಗಬಹುದಿತ್ತು. ಎಂಜಲು ಕೈಯಲ್ಲೇ ಎದ್ದು ಇಬ್ಬರ ಮುಂದೆ ನಿಂತೆ.

“ನಗಡಿ, ಒಂದು ನಿಮಿಷ ಕೇಳಿ. ತಮಾ, ನಿನ್ನ ಮೇಲೆ ತಪ್ಪು ಹಾಕಿ ಇಷ್ಟು ದಿನ ಸುಮ್ನೆ ಕೂತೆ, ಅದು ಯನ್ನ ತಪ್ಪು. ಅಣ್ಣಯ್ಯಾ, ನೀ ಯನ್ನ ನಂಬಿ ಧೈರ್ಯದಲ್ಲಿ ಬಿಟ್ಟು ಹೋದ ಜೀವಾನ ಆನು ಬಾಗ್ಲು ಹಾಕ್ಕಂಡು ಬಿಟ್ಟು ಹೋದೆ. ತಪ್ಪಾತು. ಇಬ್ರೂ ಯನ್ನ ಕ್ಷಮಿಸ್ಬಿಡಿ.”