ಗಂಜಿ ಹಾಕಿದ ಸೀರೆಯ ಟ್ರೇ

ಬೊರಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ಕುಳಿತು ನಾನು ಟ್ರೇ ಮಾಡುತ್ತೇನೆ. ಹಳೆಯ ಬಟ್ಟೆಯನ್ನು ಅಚ್ಚಿನಲ್ಲಿ ಪದರಪದರವಾಗಿ ಹಾಸಿ, ರೆಸಿನ್ ಎಂಬ ಅಂಟುದ್ರವ ಸುರಿದು, ಬ್ರಷ್‌ನಿಂದ ತಿಕ್ಕಿ ಕುಡಿಸಬೇಕು. ಮರುದಿನ ಹಲಗೆಯಂತೆ ಗಟ್ಟಿಯಾಗಿರುತ್ತದೆ. ವಾಸನೆಗೆ ತಲೆ ಸಿಡಿಯುತ್ತದೆ, ಆದರೂ ಈ ಕೆಲಸ ನನಗಿಷ್ಟ. ಆ ಒಂದು ಟ್ರೇ ನೆನೆದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಗೋರೆಗಾಂವ್‌ನ ಅಣ್ಣನ ಮನೆಗೆ ಹೊಸ ಬೀಗರು ಬರುವವರಿದ್ದರು. ಅವರಿಗೆ ಚಹಾ ಕೊಡಲು ಅಣ್ಣನ ಹೆಂಡತಿ, ನಮ್ಮ ವೈನಿಗೆ, ಇಳಕಲ್ ಸೀರೆಯ ಟ್ರೇ ಬೇಕಂತೆ. ಅದೂ ಅವ್ವನ ಸೀರೆಯದು! ಅದೇ ಸೀರೆ ಉಟ್ಟ ಅವ್ವನನ್ನು ಮಂದಿ ಬಂದಾಗಲೆಲ್ಲ ಒಳಕೋಣೆಗೆ ಕಳಿಸುತ್ತಿದ್ದವಳು ಇವಳೇ. ಸೆರಗಿಗೆ ಹಾಲ್‌ನಲ್ಲಿ ಜಾಗವಿದೆ, ಉಟ್ಟವಳಿಗಿಲ್ಲ.

“ಅವ್ವನ್ನ ಕೇಳೀರೇನ್ರಿ ವೈನಿ?” ಎಂದು ಫೋನಿನಲ್ಲಿ ಕೇಳಿದ್ದೆ.

“ತಾವಾಗೇ ತಗದು ಕೊಟ್ಟಾರ್ರಿ.”

ಅಣ್ಣ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಚೀಲ ನನ್ನ ಕೈಗಿಟ್ಟು, ಲೋಕಲ್ ಬಂತೆಂದು ಓಡಿದ. ಮನೆಗೆ ಬಂದು ನೋಡಿದರೆ ಸೀರೆ ಆಗಲೇ ತುಂಡಾಗಿತ್ತು.

ಎಷ್ಟು ತಿಕ್ಕಿದರೂ ಆ ಬಟ್ಟೆ ರೆಸಿನ್ ಕುಡಿಯಲಿಲ್ಲ. ಅಲ್ಲಲ್ಲಿ ಬಿಳಿಚಿಕೊಂಡೇ ಉಳಿಯಿತು. ಗಂಜಿ ಹಾಕಿದ ಬಟ್ಟೆ ಹಾಗೇ. ಆದರೆ ಕತ್ತರಿಸುವ ಸೀರೆಗೆ ಗಂಜಿ ಯಾರು ಹಾಕುತ್ತಾರೆ? ಅವ್ವನಿಗೆ ಫೋನ್ ಮಾಡಿದೆ.

“ನಾನೇ ಹಾಕೀನವಾ. ಇಸ್ತ್ರಿಗೆ ಕೊಡ್ತೀನಂತ ನಿಮ್ಮ ವೈನಿ ಇಸ್ಕೊಂಡಾಳ. ಐತವಾರ ಬೀಗರು ಬರ್ತಾರಲಾ, ಅದನ್ನ ಉಟ್ಕೊಂಡು ಹೊರಗ ಕುಂದ್ರಬೇಕು.”

ಸೀರೆ ತುಂಡಾಗಿದೆಯೆಂದು ಅವ್ವನಿಗೆ ಹೇಳದೆ ಫೋನ್ ಇಟ್ಟೆ. ಕೂಡಲೇ ವೈನಿಗೆ ಫೋನ್ ಹಚ್ಚಿ, “ಇಷ್ಟು ಸುಳ್ಳು ಯಾಕ ಹೇಳಿದ್ರಿ?” ಎಂದು ಕೂಗಿದೆ.

“ಅಯ್ಯ, ಹಳೇ ಸೀರಿಗೆ ಇಷ್ಟ್ಯಾಕ ಸಿಟ್ಟು? ಅವರಿಗೆ ಹೊಸಾದು ತಂದ್ರಾತು.”

ಅಷ್ಟರಲ್ಲಿ ರೆಸಿನ್ ಬಟ್ಟೆಯನ್ನು ಕಚ್ಚಿಕೊಂಡುಬಿಟ್ಟಿತ್ತು. ಇನ್ನು ಯಾರೂ ಬಿಡಿಸುವಂತಿರಲಿಲ್ಲ.

ಭಾನುವಾರ ನನ್ನದೇ ಒಂದು ಇಳಕಲ್ ಸೀರೆಯನ್ನೂ ಆ ದರಿದ್ರ ಟ್ರೇಯನ್ನೂ ಹೊತ್ತು ಗೋರೆಗಾಂವ್‌ಗೆ ಹೋದೆ. ಬೀಗರೆದುರೇ ಎಲ್ಲ ಹೇಳಿ ವೈನಿಯ ಮರ್ಯಾದೆ ತೆಗೆಯಬೇಕೆಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದೆ. ಬಾಗಿಲಲ್ಲೇ ಅವಳು ಟ್ರೇ ಕಸಿದುಕೊಂಡು ಅಡುಗೆಮನೆಗೆ ಹೋದಳು. ಒಳಕೋಣೆಯಲ್ಲಿ ಅವ್ವ ಹಳೆಯ ವಾಯಿಲ್ ಸೀರೆಯಲ್ಲಿ ಕುಳಿತಿದ್ದಳು. ಇಸ್ತ್ರಿಯವನು ಇನ್ನೂ ಕೊಟ್ಟಿಲ್ಲವೆಂದು ಅವಳಿಗೆ ಹೇಳಿದ್ದರು. ನನ್ನ ಸೀರೆ ಉಡಿಸಿ, ಕೈ ಹಿಡಿದು ಕರೆತಂದು ಬೀಗರ ಪಕ್ಕದಲ್ಲೇ ಕೂರಿಸಿದೆ. ಅಣ್ಣ ನೆಲ ನೋಡುತ್ತಿದ್ದ.

ವೈನಿ ಚಹಾ ತಂದಳು. ಎಲ್ಲರೂ ಕಪ್ ಎತ್ತಿಕೊಂಡ ಮೇಲೆ ಟ್ರೇಯಲ್ಲಿ ಕೆಂಪು ಸೆರಗು ಪೂರ್ತಿ ಕಾಣಿಸಿತು. ಅವ್ವ ಅದನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ ಬೀಗತಿ ಟ್ರೇಯನ್ನು ಬೆರಳಿನಿಂದ ಬಡಿದು, “ಸೀರಿ ಅಂತ ಅನಸೂದೇ ಇಲ್ಲ ನೋಡ್ರಿ, ಎಷ್ಟ್ ಗಟ್ಟಿ ಅದ!” ಎಂದರು.

ಅವ್ವ ಕೈಚಾಚಿ ಆ ಸೆರಗನ್ನು ಒಮ್ಮೆ ಸವರಿದಳು.

“ಹೌದ್ರಿ,” ಎಂದಳು. “ಗಂಜಿ ನನ್ನ ಕೈಲೆ ಒಂಚೂರು ಹೆಚ್ಚಾತು.”