ಉದ್ರಿ ಸಿಗದ ಸಾತಲಿಂಗಪ್ಪ

ಸೊಲ್ಲಾಪುರದ ಚಾದರ ಪೇಟೆಯಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾರೆ. ಖಂಡಪ್ಪ ಶೇಠರ ಸಗಟು ಅಂಗಡಿಯ ಬಾಗಿಲು ತೆರೆಯುವ ಮೊದಲೇ ಸಾತಲಿಂಗಪ್ಪ ಮೆಟ್ಟಿಲ ಬಳಿ ಹಾಜರು. ಒಳಗೆ ಬಿಳಿ ಗಾದಿ ಹಾಸಿದೆ. ಪತ್ತು, ನಂಬಿಕೆ ಇದ್ದ ವ್ಯಾಪಾರಿ ಅದರ ಮೇಲೆ ಕೂತು, ಚಹಾ ಕುಡಿದು, ಮಾಲು ಉದ್ರಿ ಒಯ್ಯುತ್ತಾನೆ; ಹಣ ಆಮೇಲೆ. ಸಾತಲಿಂಗಪ್ಪ ಮಾತ್ರ ಹೊರಗೆ ನಿಂತೇ ನಗದು ಕೊಟ್ಟು, ಚಾದರದ ಗಂಟು ಹೆಗಲಿಗೇರಿಸಬೇಕು. ಐದು ವರ್ಷದಿಂದ ಇದೇ ಪಾಡು.

ಒಂದು ಕಾಲಕ್ಕೆ ಇದೇ ಗಾದಿಯ ಮೇಲೆ ಕಾಲು ಚಾಚಿ ಕೂತವರು ಇವರು. ಅಕ್ಕಲಕೋಟೆಯಲ್ಲಿ ಸ್ವಂತ ಬಟ್ಟೆ ಅಂಗಡಿ ಇತ್ತು. ಮದುವೆಗೆ ಜವಳಿ ಉದ್ರಿ ಕೇಳಿದ ಯಾರಿಗೂ ಇಲ್ಲ ಅಂದವರಲ್ಲ, ಪುಣ್ಯಾತ್ಮ! ಕೊಟ್ಟದ್ದು ವಾಪಸು ಬರಲಿಲ್ಲ. ತಂದ ಮಾಲಿಗೆ ಕೊಡಲು ಕೈಯಲ್ಲಿ ಏನೂ ಉಳಿಯಲಿಲ್ಲ. ಐದು ವರ್ಷದ ಹಿಂದೆ, ಎಪ್ಪತ್ಮೂರರಲ್ಲಿ, ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದರು. ಅಂಗಡಿ ಹರಾಜಾಯಿತು. ಮರುವರ್ಷ ಹೆಂಡತಿ ರತ್ನಾಬಾಯಿಯೂ ತೀರಿಕೊಂಡರು. ಅಂದಿನಿಂದ ಮದುವೆ ಮುಂಜಿವೆಗೂ ಇವರನ್ನು ಕರೆಯುವವರಿಲ್ಲ.

“ಮೊದಲ ಸಾಲ ಕೊಟ್ಟವ್ರು ಬಾಗಲಾಗ ಬಂದು ಕುಂದರತಿದ್ರು, ಸಿಟ್ಟ ಬರತಿತ್ರಿ. ಕೋರ್ಟ್ ಸಾಲ ಮನ್ನಾ ಮಾಡಿದ ಮ್ಯಾಲ ಅವ್ರೂ ಬರದಂಗಾದ್ರು. ಬೈಯಾಕರ ಒಬ್ರು ಬರಲಿ ಅನಸ್ತದ,” ಎನ್ನುತ್ತಾರೆ ಸಾತಲಿಂಗಪ್ಪ.

ಈಗ ದಿನವೂ ದುಧನಿ ಕಡೆಯ ಪ್ಯಾಸೆಂಜರ್ ಗಾಡಿ, ಹಳ್ಳಿಹಳ್ಳಿ ಸುತ್ತಾಟ. ದಿನಕ್ಕೆ ಎರಡೋ ಮೂರೋ ಚಾದರ ಹೋದರೆ ಹೆಚ್ಚು. ಮಧ್ಯಾಹ್ನ ಯಾವುದೋ ಗಿಡದ ನೆರಳಲ್ಲಿ ಒಬ್ಬರೇ ಕೂತು ರೊಟ್ಟಿ ಬಿಚ್ಚುತ್ತಾರೆ. ಆ ಗಳಿಕೆಯಲ್ಲೇ, ಕೋರ್ಟು ಮನ್ನಾ ಮಾಡಿದ ಬಾಕಿಯನ್ನೂ ಚೂರುಚೂರಾಗಿ ತೀರಿಸುತ್ತ ಬಂದಿದ್ದಾರೆ. ಕೊಡಬೇಕಿಲ್ಲವಲ್ಲ ಎಂದರೆ ನಕ್ಕು ಗಂಟು ಹೆಗಲಿಗೇರಿಸುತ್ತಾರೆ. ಖಂಡಪ್ಪ ಶೇಠರ ಹಳೆಯ ಬಾಕಿ ಹೋದ ವಾರವಷ್ಟೇ ಮುಗಿದಿದೆ.

ಇಂದು ಎಂದಿನಂತೆ ನೋಟು ಮುಂದೆ ಚಾಚುತ್ತಾರೆ. ಶೇಠರು ಮುಟ್ಟುವುದಿಲ್ಲ. ಗಾದಿಯ ಮೇಲೆ ಕೊಂಚ ಸರಿದು ಕೂರುತ್ತಾರೆ.

“ಮ್ಯಾಲ ಬರ್ರಿ, ಸಾತಲಿಂಗಪ್ಪ. ರೊಕ್ಕ ಬರೂ ಸೋಮವಾರ ಕೊಡ್ರಿ.”

ಸಾತಲಿಂಗಪ್ಪ ಧೋತರದ ಚುಂಗಿನಿಂದ ಕಾಲಿನ ಧೂಳು ಒರೆಸಿಕೊಂಡು ಗಾದಿಯ ಅಂಚಿಗೆ ಕೂರುತ್ತಾರೆ. ಚಹಾ ಬರುತ್ತದೆ. ಕೊನೆಯ ಗುಟುಕಿನವರೆಗೂ ಕುಡಿಯುತ್ತಾರೆ.

ಗಾಡಿ ಹತ್ತುವ ಮುನ್ನ ಕಿಸೆ ಮುಟ್ಟಿ ತೋರಿಸುತ್ತಾರೆ. ನೋಟುಗಳು ಅಲ್ಲೇ ಇವೆ.

“ಇವತ್ತೇ ಕೊಡಬಹುದಿತ್ರಿ. ಕೊಡಲಿಲ್ಲ. ಬರೂ ಸೋಮವಾರ ನನ್ನ ದಾರಿ ನೋಡಾಕ ಒಬ್ರು ಇರತಾರ.”