ಯಾರ ಹಂಗೂ ಇಲ್ಲದ ನಗದಪ್ಪ

ನಮ್ಮ ಬೀದಿಯ ಬೀಗ ರಿಪೇರಿಯವರನ್ನು ಎಲ್ಲರೂ ನಗದಪ್ಪ ಎಂದೇ ಕರೆಯುತ್ತಾರೆ. ನೀವು ಒಂದು ಟೀ ಕುಡಿಸಿದರೆ ಅಲ್ಲೇ ಎರಡು ಕುಡಿಸಿ ಲೆಕ್ಕ ಚುಕ್ತಾ ಮಾಡುವ ಆಸಾಮಿ. ಪಕ್ಕದ ಮನೆಯ ಏಣಿ ತಂದರೆ ಬಲ್ಬು ಹಾಕುವ ಮೊದಲೇ ಹಿಂದಿರುಗಿಸಿ ಬರುವಷ್ಟು ಅವಸರ. ಮಾತೆತ್ತಿದರೆ "ನಂಗೆ ಯಾರ ಹಂಗೂ ಇಲ್ಲ" ಎನ್ನುತ್ತಾರೆ. ಅಂಥವರು ಮೊನ್ನೆ ಹೆಂಡತಿಯ ಒತ್ತಾಯಕ್ಕೆ ಕ್ರೆಡಿಟ್ ಕಾರ್ಡ್ ಕೇಳಲು ಬ್ಯಾಂಕಿಗೆ ಹೋದರು. "ಇದುವರೆಗೂ ಒಂದು ಸಾಲಾನೂ ಮಾಡಿಲ್ವಾ ಸಾರ್? ಹಾಗಾದ್ರೆ ನಿಮ್ಮನ್ನ ನಂಬೋದು ಹೇಗೆ?" ಎಂದಳು ಕೌಂಟರಿನ ಹುಡುಗಿ. ನಗದಪ್ಪ ಎದೆಯುಬ್ಬಿಸಿ, "ಯಾರ್ದೂ ಏನೂ ಇಟ್ಕೊಂಡೋನಲ್ಲಮ್ಮ ನಾನು!" ಎಂದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ತಣ್ಣಗೆ, "ಮತ್ತೆ ನಾನು ಕೊಟ್ಟ ಕಿಡ್ನಿ?" ಎಂದರು. ಕಾರ್ಡೇನೂ ಸಿಗಲಿಲ್ಲ. ಹೊರಗೆ ಬಂದ ಮೇಲೆ ಹೆಂಡತಿ ಕುಡಿಸಿದ ಟೀಯನ್ನು ನಗದಪ್ಪ ತೆಪ್ಪಗೆ ಕುಡಿದರು; ತಿರುಗಿ ಎರಡು ಕುಡಿಸುವ ಮಾತೆತ್ತಲಿಲ್ಲ.